ಕುಟ್ಟಬಾರದಿದ್ದ ಗುಳಿಗೆ

ಅವ್ವಾ,

ನೀನು ಹೋದ ಮೇಲೆ ಒಂದು ಮಧ್ಯಾಹ್ನ ಅಪ್ಪ ತಾಟಿನ ಮುಂದೆ ಕೂತು, "ಗುಳಿಗಿ ನಿಮ್ಮವ್ವ ಕೊಡೂಹಂಗ ಕೊಡೋ" ಅಂದ. ನಾನು ಅಡುಗೆಮನೆಗೆ ಹೋಗಿ ನಿನ್ನ ಕುಟ್ಟಾಣಿ ಹುಡುಕಿದೆ. ಅಳು ಬರಬಹುದು ಅಂದುಕೊಂಡಿದ್ದೆ. ಬರಲಿಲ್ಲ. ಕುಟ್ಟಿದೆ, ಅಷ್ಟೇ.

ನೀನು ಕುಟ್ಟುತ್ತಿದ್ದದ್ದು ನೆನಪಿದೆ. ಅಪ್ಪನ ಪೊಟ್ಯಾಷಿಯಂ ಗುಳಿಗೆ ದಪ್ಪ, ಗಂಟಲಲ್ಲಿ ಇಳಿಯದು ಎಂದು ಪುಡಿ ಮಾಡಿ ಶೇಂಗಾ ಚಟ್ನಿಯಲ್ಲಿ ಕಲಸಿ, ಮೊಸರು ಹಾಕಿ ನೀನು ರೊಟ್ಟಿಯ ಜೊತೆ ಕೊಡುತ್ತಿದ್ದೆ.

"ಏನ ಇಷ್ಟ ಉಪ್ಪ?" ಅನ್ನುತ್ತಿದ್ದ ಅಪ್ಪ.

"ನಿಮ್ಮ ನಾಲಿಗಿನ ಉಪ್ಪಾಗೇತಿ. ಸುಮ್ನ ಉಣ್ರಿ."

ಆಮೇಲೆ ಹೊಟ್ಟೆ ಉರಿ ಅಂದರೆ ಮಜ್ಜಿಗೆ. ಆ ಪುಡಿಗೂ ಈ ಉರಿಗೂ ಸಂಬಂಧವಿದೆ ಎಂದು ಯಾರಿಗೆ ತಾನೇ...

ಹೋದ ವಾರ ಆ ಉರಿ ಜೋರಾಯಿತು. ಡಾಕ್ಟರ ಹತ್ತಿರ ನಾನೊಬ್ಬನೇ ಒಳಗೆ ಹೋಗಿ, ಗುಳಿಗೆ ಹೇಗೆ ಕೊಡುತ್ತೇವೆಂದು ಹೇಳಿದೆ. ಆಕೆ ಬರೆಯುವುದನ್ನು ನಿಲ್ಲಿಸಿದರು.

"ಕುಟ್ಟತೀರೇನ್ರಿ? ಇದು ಹೊಟ್ಯಾಗ ನಿಧಾನಕ ಬಿಟ್ಟುಕೊಳ್ಳೋ ಗುಳಿಗಿ. ತಾಸುಗಟ್ಟಲೆ ಇಳಿಯೂದು ಪುಡಿ ಮಾಡಿದ್ರ ಒಮ್ಮೆಲೆ ಇಳೀತೈತಿ. ಹೊಟ್ಟಿ ಸುಡತೈತಿ, ರಕ್ತದಾಗ ಏರಿದ್ರ ಹೃದಯಕ್ಕೂ ಛಲೋ ಅಲ್ಲ. ಊಟ ಆದಮ್ಯಾಲ, ನೆಟ್ಟಗ ಕುಂತು, ತುಂಬಿದ ಗ್ಲಾಸ್ ನೀರಿನಾಗ ಇಡೀದ್ದ ನುಂಗ್ಲಿ. ಆಗಂಗಿಲ್ಲಂದ್ರ ಬ್ಯಾರೆ ಬರಕೊಡ್ತೇನಿ, ನೀವ ಮಾತ್ರ ಕುಟ್ಟಬ್ಯಾಡ್ರಿ."

ತಲೆಯಾಡಿಸಿದೆ. ಗೋಡೆಯ ಮೇಲೆ ಒಂದು ಮೊಳೆಯಿತ್ತು, ಏನೂ ತೂಗುಹಾಕಿರಲಿಲ್ಲ. ಅದನ್ನೇ ನೋಡುತ್ತಿದ್ದೆ. ನಿನ್ನ ಮೇಲೆ ಸಿಟ್ಟು ಬರಬೇಕಿತ್ತೇ? ಹುಡುಕಿ ನೋಡಿದೆ, ಒಳಗೆ ಏನೂ ಸಿಗಲಿಲ್ಲ. ಹೊರಗೆ ಅಪ್ಪ ಕಾಯುತ್ತಿದ್ದ. ಅವನಿಗೆ ಹೇಗೆ ಹೇಳುವುದು ಎಂಬುದಷ್ಟೇ ಉಳಿದಿತ್ತು.

ಅವತ್ತೇ ಊಟವಾದ ಮೇಲೆ ಇಡೀ ಗುಳಿಗೆಯನ್ನೇ, ಅದರ ಪಟ್ಟಿ ಮತ್ತು ಒಂದು ಗ್ಲಾಸು ನೀರಿನ ಜೊತೆ, ಅವನ ಮುಂದಿಟ್ಟೆ.

"ಕುಟ್ಟಿಲ್ಲೇನು?"

"ಕುಟ್ಟಬಾರದಂತಪ್ಪಾ. ಹೊಟ್ಟಿಗೆ ತ್ರಾಸ ಆಗತೈತಂತ. ನೆಟ್ಟಗ ಕುಂತು ಇಡೀದ್ದ ನುಂಗಬೇಕಂತ."

ಅವನು ಗುಳಿಗೆಯನ್ನು ಬೆರಳಿನಿಂದ ಹೊರಳಿಸಿದ. "ಹಂಗಾರ ಇಷ್ಟ ದಿನಾ ಆಕಿ..."

ಮುಂದಿನ ಮಾತು ಬರುವ ಮೊದಲೇ ನಾನು ಅಂದೆ, "ಇಲ್ಲಪ್ಪಾ, ಅವ್ವ ಕೊಡತಿದ್ದವು ಬ್ಯಾರೆ. ಅವನ್ನ ಕುಟ್ಟಬಹುದಿತ್ತು. ಇವು ಈಗ ಹೊಸದಾಗಿ ಬಂದಾವು."

ನೀನಿದ್ದಾಗ ತಂದ ಗುಳಿಗೆಗಳೇ ಇನ್ನೂ ಮುಗಿದಿಲ್ಲ, ಅವ್ವಾ. ಅಪ್ಪ ಆ ಪಟ್ಟಿಯನ್ನು ಕಿಟಕಿಯ ಬೆಳಕಿಗೆ ಹಿಡಿದು, ತಿರುವಿ ತಿರುವಿ ನೋಡಿದ. ಆಮೇಲೆ ಬೆನ್ನು ನೆಟ್ಟಗೆ ಮಾಡಿ ಕೂತ. ಗುಳಿಗೆ ಬಾಯಿಗೆ ಹಾಕಿಕೊಂಡು, ಕಣ್ಣು ಮುಚ್ಚಿ, ಗ್ಲಾಸಿನ ನೀರೆಲ್ಲ ಕುಡಿದ.

"ಖರೇ," ಅಂದ. "ಇವು ಬ್ಯಾರೇನ ಅದಾವು."