ಆಡದ ಪಂದ್ಯದ ಹಗೆ

ಡಿಸೆಂಬರ್ 8, ಬೆಳಿಗ್ಗೆ

ಸ್ವಸ್ತಿ ಶ್ರೀ! ನೀರಿನ ಪೀಪಾಯಿಗಳ ಒಡೆಯ, ಒದ್ದೆ ಟವೆಲುಗಳ ಗಂಡ, ನಾರುವ ಸಾಕ್ಸುಗಳ ಸಮೂಹ ಭಯಂಕರ, ಕಟ್‌ಶಿನ್ ಕಾಲೇಜಿನ ಅಮೆರಿಕನ್ ಫುಟ್‌ಬಾಲ್ ತಂಡದ ಜಲಾಧಿಪತಿ ಶ್ರೀಮದ್ ಆರ್ಲಿಸ್ ಟ್ಯಾಕೆಟ್ ಮಹಾಪ್ರಭುಗಳು ತಮ್ಮ ಪರಮಾಪ್ತ ದಿನಚರಿಗೆ ದಯಪಾಲಿಸುವ ನಿರೂಪವೇನೆಂದರೆ —

ಮುಖ್ಯ ಕೋಚ್ ಓಡಿಹೋದರು.

ಬಾಟಲಿ ತೊಳೆಯುತ್ತಿದ್ದೆ, ಫೋನಿನಲ್ಲಿ ಸುದ್ದಿ ಬಂತು. ಋತುವಿನ ಕೊನೆಗೆ ಒಳ್ಳೆಯ ತಂಡಗಳಿಗಷ್ಟೇ ಸಿಗುವ ಬೌಲ್ ಪಂದ್ಯ ನಮಗೂ ಸಿಕ್ಕಿತೆಂದು ನಿನ್ನೆ ತಾನೆ ಕುಣಿದಿದ್ದೆವು. ಇವತ್ತು ಅವರು ಯಾವುದೋ ದೊಡ್ಡ ಯೂನಿವರ್ಸಿಟಿಯ ಟೋಪಿ ಹಾಕಿಕೊಂಡು ಟಿ.ವಿ.ಯಲ್ಲಿ ಹಲ್ಲು ಬಿಡುತ್ತಿದ್ದಾರೆ. ಅವರ ಬೆನ್ನಿಗೇ, ಚೆಂಡು ಎಸೆದು ಆಟ ನಡೆಸುವ ನಮ್ಮ ಕ್ವಾರ್ಟರ್‌ಬ್ಯಾಕ್ ಕೂಡ ಗಂಟುಮೂಟೆ ಕಟ್ಟಿದ.

ಉಳಿದವರು ಸ್ಟ್ಯಾಂಪರ್. ಮುಂದಿನ ಸಾಲಿನ ದಢೂತಿಗಳಿಗೆ ಎದುರಿನವನನ್ನು ತಳ್ಳುವುದು ಹೇಗೆಂದು ಇಪ್ಪತ್ತೇಳು ವರ್ಷದಿಂದ ಕಲಿಸುತ್ತಿರುವ ಕೋಚ್. ಮುಖ್ಯ ಕೋಚ್ ಕುರ್ಚಿ ಎಷ್ಟೋ ಸಲ ಖಾಲಿಯಾಗಿದೆ. ಪ್ರತಿ ಸಲವೂ ಇವರ ಮೂಗಿನ ಮುಂದೆಯೇ ಹಾದು ಬೇರೆಯವರಿಗೆ ಹೋಗಿದೆ. ಈಗ ಒಂದೇ ಒಂದು ಪಂದ್ಯಕ್ಕೆ ಇವರದು. ಹೊಸ ವರ್ಷಕ್ಕೆ ಹೊಸಬ ಬರುತ್ತಾನೆ, ತನ್ನ ಜನರನ್ನು ಕಟ್ಟಿಕೊಂಡು. ಆಮೇಲೆ ಸ್ಟ್ಯಾಂಪರ್ ಮನೆಗೆ.

ಬಂದು ನನ್ನ ಪೀಪಾಯಿಯ ಮೇಲೆ ಕೂತರು.

"ಲೋ ನೀರಯ್ಯ."

"ಹೇಳಿ ಕೋಚ್."

"ಒಂದ್ಸಲ ಗೆದ್ದು ನೋಡ್ಬೇಕು ಕಣೋ. ಹೇಗಿರತ್ತೆ ಅಂತ."

ಎದ್ದು ಹೋದರು. ಪ್ಯಾಂಟು ಒದ್ದೆಯಾಗಿತ್ತು. ಸಾಮಾನ್ಯವಾಗಿ ನಾನು ನಗುತ್ತೇನೆ.

ಡಿಸೆಂಬರ್ 11

ಅಭ್ಯಾಸವಂತೆ ಅಭ್ಯಾಸ. ಹುಡುಗರು ತಿಥಿ ಊಟಕ್ಕೆ ಬಂದವರ ಹಾಗೆ ನಿಂತಿದ್ದರು. ಎದುರಾಳಿ ಮೆಸಾ ಟೆಕ್. ಎಲ್ಲೋ ನ್ಯೂ ಮೆಕ್ಸಿಕೋದ ಮರಳಿನಲ್ಲಿ. ನಮ್ಮ ಕೆಂಟಕಿಯ ಗುಡ್ಡದವರು ಆ ಹೆಸರು ಕೇಳಿದ್ದೇ ಮೊನ್ನೆ. ಈವರೆಗೆ ಒಂದು ಸಲವೂ ಎದುರುಬದುರು ಆಡಿಲ್ಲ. ಬೈಯಲು ಒಂದು ಹಾಡಿಲ್ಲ, ಕದಿಯಲು ಒಂದು ಬಾವುಟವಿಲ್ಲ. ಪಕ್ಕದ ಊರಿನವರಾಗಿದ್ದರೆ ಅವರ ಅಜ್ಜಂದಿರನ್ನೂ ಸೇರಿಸಿ ದ್ವೇಷಿಸುತ್ತಿದ್ದೆವು.

ಕೀನಾನ್ ಬಂದು ನೀರು ಕೇಳಿದ. ಸಾಲಿನ ನಟ್ಟನಡುವೆ ನಿಂತು, ಚೆಂಡನ್ನು ಕಾಲ ಸಂದಿಯಿಂದ ಹಿಂದಕ್ಕೆ ಕೊಟ್ಟು, ಎದುರಿನವನ ಮೇಲೆ ಗೋಡೆಯಂತೆ ಬೀಳುವವನು. ಮುನ್ನೂರು ಪೌಂಡಿನ ಮಗು.

"ಗೆದ್ರೆಷ್ಟು ಸೋತ್ರೆಷ್ಟು ಬಿಡೋ. ಅವ್ರ್ಯಾರೋ, ನಾವ್ಯಾರೋ," ಅಂದ.

ನಾಲಿಗೆ ತಾನಾಗಿಯೇ ಹೊರಳಿತು. ಇದು ದೇವರಾಣೆ ಸತ್ಯ... ಅಥವಾ ಸತ್ಯಕ್ಕೆ ಹತ್ತಿರ.

"ಅವ್ರ್ಯಾರೋ ಅಂದ್ಯಾ? ಹದಿಮೂರನೇ ಇಸವಿ ವಿಷ್ಯ ನಿನಗೆ ಯಾರೂ ಹೇಳ್ಲೇ ಇಲ್ವಾ?"

"ಯಾವ ಹದಿಮೂರು?"

"ಸಾವಿರದ ಒಂಬೈನೂರ ಹದಿಮೂರು." ಟವೆಲು ಎದೆಗೊತ್ತಿಕೊಂಡು ಕಣ್ಣು ತಗ್ಗಿಸಿದೆ. "ರೈಲಲ್ಲಿ ಬಂದಿದ್ರು. ಅರ್ಧ ಆಟಕ್ಕೆ ಹಿಮ ಸುರೀತು. ಸಮಸಮ ಇತ್ತು, ನಿಲ್ಸಿದ್ರು. ನಮ್ಮವ್ರು ಪಾಪ, ಬಿಸಿ ಕಾಫಿ ಕೊಟ್ರು. ಅವ್ರ ಕ್ಯಾಪ್ಟನ್ ಕುಡಿದು, ಬಾಯಿ ಒರೆಸ್ಕೊಂಡು, ಪಾತ್ರೆಗೆ ಉಗುಳಿ ರೈಲು ಹತ್ತಿದ."

ಕೀನಾನ್ ಬಾಟಲಿ ಕೆಳಗಿಟ್ಟ. "ಕುಡಿಯೋ ಪಾತ್ರೆಗಾ?"

"ಕುಡಿಯೋ ಪಾತ್ರೆಗೆ."

"ಪಾತ್ರೆ ಎಲ್ಲಿದೆ ಈಗ?"

ಇದು ನನಗೆ ಹೊಳೆದಿರಲಿಲ್ಲ.

ಡಿಸೆಂಬರ್ 12

ಪಾತ್ರೆ ಇದೆ. ವಾರಸುದಾರರಿಲ್ಲದ ಸಾಮಾನಿನ ಕಪಾಟಿನಲ್ಲಿ ನೆಗ್ಗಿದ ಕಾಫಿ ಪಾತ್ರೆಯೊಂದು ಸಿಕ್ಕಿತು. ಮೊಳೆಯಿಂದ ತಳದಲ್ಲಿ ಇಸವಿ ಗೀಚಿದೆ. ಬೂಟ್ ಪಾಲಿಶ್ ತಿಕ್ಕಿ ನೂರು ವರ್ಷ ವಯಸ್ಸು ಮಾಡಿದೆ.

ಕೀನಾನ್ ಅದನ್ನು ಎರಡೂ ಕೈಯಲ್ಲಿ ಎತ್ತಿಕೊಂಡು ಅಭ್ಯಾಸದ ನಡುವಿಗೆ ನಡೆದ. ಹುಡುಗರು ಸುತ್ತ ಕೂಡಿದರು. ನಾನು ಬಕೆಟ್ಟಿನ ಹಿಂದೆ.

ಸ್ಟ್ಯಾಂಪರ್ ಬಂದರು. ಪಾತ್ರೆ ತಿರುಗಿಸಿ ತಳ ನೋಡಿದರು. ನನ್ನ ಕಥೆ ಮುಗಿಯಿತು ಎಂದುಕೊಂಡೆ. ಟೋಪಿ ತೆಗೆದರು.

"ಮೊಣಕಾಲುದ್ದ ಹಿಮ ಅವತ್ತು. ನಮ್ಮ ಹುಡುಗನೊಬ್ಬ ಮುರಿದ ಕೈಯಲ್ಲೇ ಆಡ್ದ. ಆ ಆಟ ಇನ್ನೂ ಮುಗ್ದಿಲ್ಲ ಕಣ್ರೋ."

ಮುರಿದ ಕೈ ನಾನು ಹೇಳಿರಲಿಲ್ಲ!

ಆಮೇಲೆ ಒಬ್ಬರನ್ನೊಬ್ಬರು ತಳ್ಳಿದ ಸದ್ದು ಪಾರ್ಕಿಂಗ್ ತನಕ ಕೇಳಿತು. ಮುದುಕರಿಗೆ ಅರುಳುಮರುಳೋ ಏನೋ. ಭಯವಾಗುತ್ತಿದೆ.

ಡಿಸೆಂಬರ್ 19

ಬರೆಯಲು ಪುರುಸೊತ್ತಿಲ್ಲ. ಸುಳ್ಳಿಗೆ ಕಾಲಿಲ್ಲ ಅನ್ನುತ್ತಾರೆ — ಇದಕ್ಕೆ ರೆಕ್ಕೆ ಇದೆ. ಯಾರೋ ಪಾತ್ರೆಯ ಫೋಟೋ ಹಾಕಿದರು. ಮೆಸಾ ಟೆಕ್‌ನವರು ಉರಿದುಬಿದ್ದರು. ಅವರ ಹಳೆ ವಿದ್ಯಾರ್ಥಿಯೊಬ್ಬರು ಬರೆದಿದ್ದಾರೆ: ನಮ್ಮ ಕ್ಯಾಪ್ಟನ್ ಉಗುಳಲು ಕಾರಣವಿತ್ತು, ಕಟ್‌ಶಿನ್‌ನವರು ಕಾಫಿಗೆ ಉಪ್ಪು ಹಾಕಿದ್ದರು, ಇದನ್ನು ನನ್ನ ಮುತ್ತಜ್ಜ ಸಾಯುವ ತನಕ ಹೇಳುತ್ತಿದ್ದರು.

ಅವರ ಮುತ್ತಜ್ಜ! ನಾನು ಹುಟ್ಟಿಸದ ಮುತ್ತಜ್ಜ!

ಬಾಯಿಬಿಟ್ಟು ಹೇಳಿಬಿಡೋಣ ಎಂದು ಸ್ಟ್ಯಾಂಪರ್ ಕೋಣೆಗೆ ಹೋದೆ. ಬೋರ್ಡಿನ ಮೇಲೆ ಬಾಣಗಳನ್ನು ಬರೆಯುತ್ತಿದ್ದರು, ಶಿಳ್ಳೆ ಹಾಕುತ್ತ. ಅವರು ಶಿಳ್ಳೆ ಹಾಕಿದ್ದು ನಾನು ಕೇಳಿಯೇ ಇರಲಿಲ್ಲ. "ಏನೋ?" ಅಂದರು. "ನೀರು ಬೇಕಾ ಅಂತ," ಅಂದೆ.

ಡಿಸೆಂಬರ್ 26, ಬಿಲೋಕ್ಸಿ, ಮಧ್ಯಾಹ್ನ

ಸಮುದ್ರ. ಕರಿದ ಸೀಗಡಿ. ಪಂದ್ಯದ ಊರಿಗೆ ಬಂದಿಳಿದೆವು. ಪಂದ್ಯದ ಖರ್ಚು ಹೊತ್ತದ್ದು ಸೌತೆಕಾಯಿ ಉಪ್ಪಿನಕಾಯಿ ಕಂಪನಿ, ಆದ್ದರಿಂದ ಊಟದ ಮೇಜಿನಲ್ಲಿ, ಬಾಗಿಲಲ್ಲಿ, ಬ್ಯಾಂಡಿನವರ ಕೊರಳಲ್ಲಿ — ಎಲ್ಲೆಲ್ಲೂ ಸೌತೆಕಾಯಿ.

ಎರಡೂ ತಂಡಗಳಿಗೆ ಒಟ್ಟಿಗೆ ಔತಣ. ಕಂಪನಿಯ ಮನುಷ್ಯ ಮೈಕ್ ಹಿಡಿದು, "ಇತಿಹಾಸದಲ್ಲೇ ಮೊದಲ ಸಲ ಎದುರಾಗುತ್ತಿರುವ ಎರಡು ತಂಡಗಳು..." ಅಂದನೋ ಇಲ್ಲವೋ, ನಮ್ಮ ಕೀನಾನ್ ಈ ಕಡೆಯಿಂದ, ಅವರ ಕ್ಯಾಪ್ಟನ್ ಟಫೋಯಾ ಆ ಕಡೆಯಿಂದ, ಎದ್ದು ನಿಂತರು.

"ಮೊದಲ ಸಲ ಅಲ್ಲ!"

ಇಬ್ಬರೂ ಒಂದೇ ಉಸಿರಿಗೆ. ಮೈಕಿನವನು ತಬ್ಬಿಬ್ಬು.

ಟಫೋಯಾ ಬೆರಳು ತೋರಿಸಿದ. "ಉಪ್ಪು ಹಾಕ್ದವ್ರೇ!"

"ಉಗುಳಿದ್ಯಾರಪ್ಪಾ?"

ಸ್ಟ್ಯಾಂಪರ್ ತಲೆ ತಗ್ಗಿಸಿ ಉಪ್ಪಿನಕಾಯಿ ಕಡಿಯುತ್ತಿದ್ದರು. ಭುಜ ಕುಲುಕುತ್ತಿತ್ತು. ಅಳುತ್ತಿದ್ದಾರೆ ಎಂದುಕೊಂಡು ನೀರು ಒಯ್ದು ಕೊಟ್ಟೆ.

ಡಿಸೆಂಬರ್ 27, ಪಂದ್ಯದ ನಂತರ

ಇಪ್ಪತ್ಮೂರು - ಇಪ್ಪತ್ನಾಲ್ಕು.

ಕಡೆಯ ಗಳಿಗೆಯಲ್ಲಿ ನಾವು ಗೆರೆ ದಾಟಿದೆವು. ಒಂದೇ ಒಂದು ಅಂಕ ಹಿಂದೆ. ಗೆರೆ ದಾಟಿದವರಿಗೆ ಇನ್ನೊಂದು ಯತ್ನ ಸಿಗುತ್ತದೆ: ಚೆಂಡನ್ನು ಒದ್ದು ಕಂಬಗಳ ನಡುವೆ ಹಾಯಿಸಿದರೆ ಒಂದಂಕ, ಸಮಸಮ, ಮತ್ತೆ ಆಟ. ಹಿಡಿದುಕೊಂಡೇ ಇನ್ನೊಮ್ಮೆ ಗೆರೆ ದಾಟಿದರೆ ಎರಡು — ಗೆಲುವು. ತಡೆದರೆ ಸೋಲು. ಒದೆಯುವ ಹುಡುಗ ಆಗಲೇ ಅರ್ಧ ದಾರಿ ಹೋಗಿದ್ದ.

"ವಾಪಸ್ ಬಾರೋ," ಅಂದರು ಸ್ಟ್ಯಾಂಪರ್. "ಸಮಸಮ ಅವತ್ತೇ ಆಗಿತ್ತು."

ಈಗ ಆ ಮಹಾಕ್ಷಣವನ್ನು ಯಥಾವತ್ತಾಗಿ ದಾಖಲಿಸತಕ್ಕದ್ದು: ಕೀನಾನ್ ಚೆಂಡು ಕೊಟ್ಟ, ಸಿಂಹದಂತೆ ಎಡಕ್ಕೆ ಎರಗಿದ, ಇಬ್ಬರನ್ನು ಏಕಕಾಲಕ್ಕೆ ನೆಲಕ್ಕೆ ಕೆಡವಿದ, ದಾರಿ ಬಾಗಿಲಿನ ಹಾಗೆ ತೆರೆಯಿತು, ನಮ್ಮ ಹುಡುಗ ನುಗ್ಗಿದ, ಎಲ್ಲಿಂದಲೋ ಟಫೋಯಾನ ಒಂದು ಕೈ ಬಂದು ಕಾಲು ಹಿಡಿಯಿತು. ಗೇಣುದ್ದ ಬಾಕಿ.

ಅವರ ಕಡೆ ಕೇಕೆ. ಗೆದ್ದವರ ವಾಡಿಕೆಯಂತೆ ಅವರ ಕೋಚ್ ತಲೆಯ ಮೇಲೆ ಉಪ್ಪಿನಕಾಯಿ ನೀರು ಸುರಿದರು. ನಮ್ಮ ಕೋಚ್ ತಲೆಗೂ ಸುರಿಯಲೆಂದು ನಾನು ಹದವಾದ ಬೆಚ್ಚನೆ ನೀರು ತುಂಬಿಟ್ಟಿದ್ದೆ. ಹುಲ್ಲಿಗೆ ಚೆಲ್ಲಿದೆ.

ಸ್ಟ್ಯಾಂಪರ್ ಪಾತ್ರೆ ಹಿಡಿದು ಮೈದಾನ ದಾಟಿ ಹೋದರು. ನಾನು ಹಿಂದೆ. ಟಫೋಯಾ ಹೆಲ್ಮೆಟ್ ತೆಗೆದ. ಹಣೆಯ ಮೇಲೆ ರಕ್ತ.

"ಸಾರ್, ನಮ್ಮವ್ನು ಉಗುಳಿರ್ಲಿಲ್ಲ ಅನ್ಸತ್ತೆ."

"ನಮ್ಮವ್ರೂ ಉಪ್ಪು ಹಾಕಿರ್ಲಿಕ್ಕಿಲ್ಲ ಕಣಪ್ಪ. ತಗೋ. ಚೆನ್ನಾಗ್ ಆಡಿದ್ರಿ."

ಅವನು ಮಗುವನ್ನು ಎತ್ತಿಕೊಂಡಂತೆ ಎತ್ತಿಕೊಂಡ. "ಮತ್ತೆ ಯಾವಾಗ ಸಾರ್?"

ಸ್ಟ್ಯಾಂಪರ್ ಅವನ ಭುಜ ತಟ್ಟಿದರು.

ಡಿಸೆಂಬರ್ 28, ಬಸ್ಸಿನಲ್ಲಿ

ಅಲಬಾಮಾದಲ್ಲಿ ಎಲ್ಲೋ. ಎಲ್ಲರೂ ನಿದ್ದೆ. ಕೋಚ್ ಬಂದು ಪಕ್ಕದಲ್ಲಿ ಕೂತರು.

"ಹದಿಮೂರನೇ ಇಸವೀಲಿ ನಮ್ಮ ಕಾಲೇಜು ಏನಾಗಿತ್ತು ಗೊತ್ತೇನೋ ನೀರಯ್ಯ?"

ಬಾಟಲಿಯ ಮುಚ್ಚಳ ಬಿಗಿ ಮಾಡತೊಡಗಿದೆ.

"ಹೆಣ್ಮಕ್ಕಳ ಟೀಚರ್ ಟ್ರೈನಿಂಗ್ ಸ್ಕೂಲು. ಗಂಡು ನರಪಿಳ್ಳೆ ಇರ್ಲಿಲ್ಲ. ಮೆಟ್ಲು ಓಡಿ ಇಳಿದ್ರೂ ಬೈತಿದ್ರಂತೆ. ನಮ್ಮಜ್ಜಿ ಅಲ್ಲೇ ಓದಿದ್ದು."

"ಕೋಚ್... ಮತ್ತೆ ಆ ಮುರಿದ ಕೈ?"

"ನೀನೊಬ್ನೇ ಹುಟ್ಟಿಸ್ಬೇಕಾ?" ಕಿಟಕಿಯ ಕಡೆ ತಿರುಗಿ ನಕ್ಕರು. ಔತಣದಲ್ಲಿ ಕುಲುಕಿದ್ದೂ ಇದೇ ನಗುವಿಗೆ ಎಂದು ಆಗ ತಿಳಿಯಿತು. "ತಳ್ಳೋದು ಕಲಿಸೋಕ್ ಬರತ್ತೆ ನಂಗೆ. ಯಾಕ್ ತಳ್ಬೇಕು ಅಂತ ಹುಡುಗ್ರು ಕೇಳಿದ್ರೆ ಹೇಳೋಕ್ ಬರಲ್ಲ. ನಿನ್ ಸುಳ್ಳು ಸಿಕ್ತು. ಬಿಡ್ತೀನಾ?"

"ಸಮಸಮ ಮಾಡ್ಬಹುದಿತ್ತಲ್ವಾ ಕೋಚ್?"

"ಮಾಡ್ಬಹುದಿತ್ತು." ಮತ್ತೆ ನನ್ನ ಕಡೆ ತಿರುಗಿ, "ಆ ಕೊನೇ ತಳ್ಳಾಟ ನಂಗೆ ಕಾಣ್ಲೇ ಇಲ್ಲ ಕಣೋ. ಯಾರ್ಯಾರೋ ಅಡ್ಡ ನಿಂತಿದ್ರು. ವಿಡಿಯೋ ನೋಡೋ ಮನಸ್ಸಿಲ್ಲ. ನೀನ್ ಗೆರೆ ಪಕ್ಕದಲ್ಲೇ ಇದ್ದೆ. ಕೀನಾನ್ ನಾನ್ ಹೇಳಿಕೊಟ್ಟ ಹಾಗೇ ಎಡಗಾಲು ಮುಂದಿಟ್ನಾ?"

"ಇಟ್ಟ ಕೋಚ್. ಎಡಗಾಲೇ. ಸಿಂಹದ ಹಾಗೆ ಹೋದ."

"ಹಾಗಿದ್ರೆ ಸರಿ." ಟೋಪಿ ಮುಖಕ್ಕೆ ಎಳೆದುಕೊಂಡರು. ಈಗ ಗೊರಕೆ.

ದಿನಚರಿ ಮಹಾಶಯ, ನಿನ್ನಲ್ಲೊಂದು ಅರಿಕೆ. ನಿನ್ನೆಯ ಸಿಂಹ, ಬಾಗಿಲು, ಆ ಇಬ್ಬರನ್ನು ಕೆಡವಿದ್ದು — ಯಾವುದನ್ನೂ ನಾನು ನೋಡಿಲ್ಲ. ಕಣ್ಣು ಬಿಗಿಯಾಗಿ ಮುಚ್ಚಿಕೊಂಡಿದ್ದೆ. ಪ್ರಾರ್ಥನೆ ಮಾಡುತ್ತಿದ್ದೆ, ಚರ್ಚಿನಲ್ಲಿ ಜೇಡ ಬಿಡುವ ನಾನು. ದೇವರಿಗೂ ಅಲ್ಲ. ಹದಿಮೂರನೇ ಇಸವಿಯ ಆ ಹುಡುಗರಿಗೆ, ಮುರಿದ ಕೈಯವನಿಗೆ. ಒಂದೇ ಒಂದು ಸಲ, ನಮ್ಮ ಕೋಚ್‌ಗೋಸ್ಕರ, ನೀವೂ ಸ್ವಲ್ಪ ತಳ್ಳ್ರಪ್ಪಾ ಅಂತ ನಿಜವಾಗಿ ಬೇಡಿಕೊಂಡೆ.