ಕಲ್ಲಿಗೆ ನಾನು ಹೇಳಿದ ಪದ

ಪೋಸೊ ಸರೋವರದ ದಂಡೆಯಿಂದ,
ಬುಧವಾರ

ಮಾನ್ಯ ಯೊಪಿ ಮೇಷ್ಟ್ರಿಗೆ ಹೆರ್ಮಿನ್ ಮಾಡುವ ನಮಸ್ಕಾರಗಳು.

ನಿಮ್ಮ ಪುಸ್ತಕ ತಲುಪಿತು. ನಮ್ಮ ಭಾಷೆಯ ಮೂಲ ಶಬ್ದಪಟ್ಟಿಯ ಕೆಳಗೆ ನನ್ನ ಹೆಸರು ಹಾಕಿ, 'ಮಾತೃಭಾಷಿಕರು' ಎಂದು ಬರೆದಿದ್ದೀರಿ. ಆದರೆ ಅದರಲ್ಲಿ 'ಕಲ್ಲು' ಎಂಬುದರ ಎದುರಿಗಿರುವ ಪದ ತಪ್ಪು. ಅದು ನಾನು ಮದುವೆಯಾದ ಮೇಲೆ ಕಲಿತ ಬದಲಿ ಪದ. ಕಲ್ಲಿಗೆ ನಮ್ಮಲ್ಲಿ ಏನು ಹೆಸರೋ ನಮ್ಮ ಮಾವನವರಿಗೂ ಅದೇ ಹೆಸರು. ಸೊಸೆಯಾದವಳು ಅದನ್ನು ಉಚ್ಚರಿಸುವಂತಿಲ್ಲ.

ನೀವು ಪದಗಳನ್ನು ಕೇಳಿ ಬರೆದುಕೊಳ್ಳಲು ಬಂದ ದಿನ ಮಾವ ಜಗಲಿಯಲ್ಲಿ ನಮ್ಮ ಪಕ್ಕದಲ್ಲೇ ಕೂತಿದ್ದರು. "ಇದೊಂದನ್ನ ಬೇರೆ ಯಾರನ್ನಾದ್ರೂ ಕೇಳಿ" ಎಂದು ಎರಡು ಸಲ ಹೇಳಿದೆ. "ನಾಚ್ಕೋಬೇಡಿ ಅಕ್ಕಾ, ನಿಮ್ಮ ಬಾಯಿಗೆ ಬಂದಿದ್ದೇ ಸರಿ" ಎಂದು ನೀವು ನಕ್ಕು ಬರೆದುಕೊಂಡಿರಿ.

ಈಗ ಆ ಪಟ್ಟಿ ಶಾಲೆಯ ಪಾಠವಾಗಿದೆ. ನನ್ನ ಮಗಳು ಸರಿಯಾದ ಪದ ಬರೆದದ್ದಕ್ಕೆ ಪರ ಊರಿನಿಂದ ಬಂದ ಟೀಚರ್ ಕೆಂಪು ಗೀಟು ಹಾಕಿದ್ದಾರೆ. ಮಾವ ಆ ಹಾಳೆ ನೋಡಿ, "ಹದಿನಾಲ್ಕು ವರ್ಷ ನನ್ನ ಹೆಸರು ಹೇಳ್ಲಿಲ್ಲ, ಸರಿ. ಈಗ ಊರಿನ ಬಾಯಿಂದ್ಲೂ ತೆಗೆಸ್ಬಿಟ್ಯಾ ತಾಯಿ?" ಎಂದರು. ತಮಾಷೆಗೇ ಅಂದದ್ದು. ಆದರೆ ಆಮೇಲೆ ಊಟಕ್ಕೆ ಏಳಲಿಲ್ಲ.

ಮುಂದಿನ ತಿಂಗಳು ಪುಸ್ತಕದ ಮರುಮುದ್ರಣವಂತೆ. ಅಷ್ಟರಲ್ಲಿ ದಯವಿಟ್ಟು ತಿದ್ದಿಸಿ. ಸರಿಯಾದ ಪದವನ್ನು ನಾನು ಇಲ್ಲಿ ಬರೆಯಲಾರೆ, ಬರೆದರೂ ಹೇಳಿದಂತೆಯೇ. ಸಹಿಯ ಕೆಳಗೆ ಜಾಗ ಬಿಟ್ಟಿದ್ದೇನೆ. ಮಗಳು ಶಾಲೆಯಿಂದ ಬಂದ ಮೇಲೆ ಅದನ್ನು ಬರೆದು, ನನಗೆ ತೋರಿಸದೆ ಲಕೋಟೆ ಅಂಟಿಸುತ್ತಾಳೆ.

ಇಂತಿ,
ಹೆರ್ಮಿನ್