ಭಾವ ತೋರಿಸಿಕೊಟ್ಟ ಬೀಳುವ ಬಗೆ

ತವೆಯೂನಿ ದ್ವೀಪದ ಆಸ್ಪತ್ರೆ, ಮಾರ್ಚ್ ೧೨, ಬುಧವಾರ

ಇವತ್ತೂ ಎಡಗೈ ಬರಹ. ಬಲಗೈಗೆ ಪ್ಲಾಸ್ಟರ್ ಹಾಕಿದ್ದಾರೆ, ಪಕ್ಕೆಲುಬು ಮುರಿದಿದೆ.

ದೀವಿಹಲಸಿನ ಮರದಿಂದ ಬಿದ್ದ ನೋವನ್ನಾದರೂ ತಡೆಯಬಹುದು, ಸೋದರಮಾವನ ಮಗ ವಿಲಿಕೇಸನ ಬಾಯಿ ತಡೆಯೋಕಾಗಲ್ಲ. ನಾವಿಬ್ಬರೂ ಒಬ್ಬರಿಗೊಬ್ಬರು ಭಾವ; ನಮ್ಮಲ್ಲಿ ಭಾವ ಎಷ್ಟು ಗೇಲಿ ಮಾಡಿದರೂ ಸಿಟ್ಟಾಗುವ ಹಾಗಿಲ್ಲ, ತಿರುಗಿ ಗೇಲಿ ಮಾಡಬೇಕು, ಅಷ್ಟೆ. ಭಾನುವಾರದಿಂದ ವಾರ್ಡಿಗೆಲ್ಲ ಸಾರಿದ್ದೇ ಸಾರಿದ್ದು: "ಊರೆಲ್ಲ ಚರ್ಚಿನಲ್ಲಿದ್ರೆ ನಮ್ಮ ಭಾವ ಮರದ ಮೇಲಿದ್ದ. ದೇವರೇ ಕೊಂಬೆ ಅಲ್ಲಾಡಿಸಿದ, ನೋಡಿ!"

ನಿನ್ನೆ ಸಂಜೆ ಊರಲ್ಲಿ ಯಂಗೋನ ಬೇರಿನ ಮತ್ತಿನ ಪಾನಕ ಕುಡಿಯುತ್ತ ಕೂತವರಿಗೆ, ನಾನು ಬಿದ್ದ ಚಂದ ಅಭಿನಯಿಸಿ ತೋರಿಸಲು ಅದೇ ಮರ ಹತ್ತಿದನಂತೆ. ನನ್ನ ಕೊಂಬೆ ಮುರಿದಿತ್ತಲ್ಲ, ಅದರ ಮೇಲಿನದಕ್ಕೇ ಹೋದನಂತೆ. ಅಭಿನಯ ಬಹಳ ಚೆನ್ನಾಗಿ ಬಂತಂತೆ. ಜನ ಚಪ್ಪಾಳೆ ತಟ್ಟಿ ಮುಗಿಸಿದರೂ ಏಳಲಿಲ್ಲವಂತೆ.

ಈಗ ಪಕ್ಕದ ಮಂಚದಲ್ಲೇ ಇದ್ದಾನೆ, ಕಾಲನ್ನು ಮೇಲಕ್ಕೆ ಕಟ್ಟಿಸಿಕೊಂಡು. ಗೇಲಿಗಳು ಬೆಳಗಿನಿಂದ ನನ್ನ ನಾಲಿಗೆ ತುದಿಯಲ್ಲಿವೆ. ಬಾಯಿ ತೆರೆಯುವ ಮೊದಲೇ ನನಗೇ ನಗು ಬಂದು, ಪಕ್ಕೆ ಹಿಡಿದು, ಕಣ್ಣಲ್ಲಿ ನೀರು.

"ನಿಧಾನಕ್ಕೆ ಭಾವ, ಸರದಿ ನಿಂದೇ," ಅಂದ ಈಗಷ್ಟೇ. "ನಾನೆಲ್ಲಿ ಓಡಿಹೋಗ್ತೀನಿ?"

ಅಯ್ಯೋ, ಮತ್ತೆ ನಗು. ಪಕ್ಕೆ...